ಚಳಿಗಾಲಕ್ಕೆ ಕಾರಿಗೊಂದು ಕಂಬಳಿ

ಮಾರ್ಗಶಿರ ಕಳೆದು ಪುಷ್ಯ ಕಾಲಿಡುವ ಹೊತ್ತಿಗೆ ಮಂಡ್ಯ ಸೀಮೆಯ ಬೆಳಗು ತಡವಾಗಿ ಕಣ್ಣು ಬಿಡುತ್ತದೆ. ಮದ್ದೂರಿನ ಬಳಿ ಶಿಂಷಾ ನದಿಯ ಮೇಲೆ ಹಾಲು ಚೆಲ್ಲಿದಂತೆ ಮಂಜು ಹರಡಿರುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಗಳಲ್ಲಿ ಭತ್ತದ ಕೂಳೆಯ ತುದಿತುದಿಗೂ ಇಬ್ಬನಿ. ತೆಂಗಿನ ಗರಿಯಿಂದ ಹನಿ ತೊಟ್ಟಿಕ್ಕುವ ಸದ್ದು ಕೇಳಿದರೆ ರಾತ್ರಿ ಮಳೆ ಬಂದು ಹೋಯಿತೇನೋ ಎಂಬ ಅನುಮಾನ ಬರಬೇಕು. ಹಾಲಿನ ಡೈರಿಗೆ ಕ್ಯಾನು ಹೊತ್ತು ಹೊರಟವರ ತಲೆಯ ಮೇಲೆ ಮಫ್ಲರ್, ಹೆಗಲ ಮೇಲೆ ಟವೆಲ್, ಬಾಯಲ್ಲಿ ಹೊಗೆಯಂಥ ಉಸಿರು.

ಈ ಹಳೆಯ ಚಿತ್ರಕ್ಕೆ ಕೆಲವು ವರ್ಷಗಳಿಂದ ಹೊಸದೊಂದು ವಸ್ತು ಸೇರಿಕೊಂಡಿದೆ. ಅದು ಮನೆಯ ಮುಂದೆ ಮುಸುಕು ಹೊದ್ದು ನಿಂತ ಕಾರು. ಇಲ್ಲಿನ ಹಳೆಯ ಮನೆಗಳನ್ನು ಕಟ್ಟಿದವರು ದನಗಳಿಗೆ ಕೊಟ್ಟಿಗೆ ಬಿಟ್ಟರು, ದವಸಕ್ಕೆ ಹಗೇವು ತೋಡಿದರು. ಕಾರಿಗೆ ಜಾಗ ಬಿಡುವ ಕಾಲ ಅದಾಗಿರಲಿಲ್ಲ. ಹೀಗಾಗಿ ಕಾರು ಬೀದಿಯಲ್ಲಿ, ಹೊಂಗೆ ಮರದ ಅಡಿಯಲ್ಲಿ, ಇಲ್ಲವೇ ಕಣದ ಮೂಲೆಯಲ್ಲಿ ನಿಲ್ಲುತ್ತದೆ. ಅದೂ ದಿನ ಓಡಾಡುವ ಕಾರಲ್ಲ. ಮಗಳನ್ನು ಮೈಸೂರಿನ ಹಾಸ್ಟೆಲಿಗೆ ಬಿಟ್ಟುಬರಲು, ನೆಂಟರ ಮದುವೆಗೆ, ರಾತ್ರೋರಾತ್ರಿ ಆಸ್ಪತ್ರೆಗೆ ಎಂದು ಇಟ್ಟುಕೊಂಡದ್ದು. ಬ್ಯಾಂಕಿನ ಕಂತು ಇನ್ನೂ ಮುಗಿದಿರುವುದಿಲ್ಲ. ತಿಂಗಳಲ್ಲಿ ಇಪ್ಪತ್ತೈದು ದಿನ ಅದು ಬಯಲಲ್ಲೇ ನಿಂತಿರುತ್ತದೆ.

ಹೊಸ ಹೊದಿಕೆ ತಂದು ಹೊದಿಸುವ ಯುವಕರನ್ನು ಅರಳಿಕಟ್ಟೆಯ ಹಿರಿಯರು ಸುಮ್ಮನೆ ಬಿಡುವುದಿಲ್ಲ. “ಕಾರ್‌ಗೂ ಚಳಿ ಆಯ್ತದ ಕನಪ್ಪಾ?” ಎಂದು ಕೇಳಿಯೇ ಕೇಳುತ್ತಾರೆ. ಕೇಳುವುದು ತಮಾಷೆಗೇ ಆದರೂ ಪ್ರಶ್ನೆ ಸರಿಯಾದದ್ದೇ. ಕಾರಿಗೆ ಚಳಿಯಾಗುವುದಿಲ್ಲ. ಮಂಡ್ಯದ ಚಳಿಗಾಲದ ರಾತ್ರಿಯಲ್ಲೂ ಉಷ್ಣಾಂಶ ಇಳಿಯುವುದು ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸಿಗೆ. ಹಿಮ ಬೀಳುವ ದೇಶಗಳಲ್ಲಿ ಹೊದಿಕೆ ಬೇಕಾಗುವುದು ಹಿಮ ತಡೆಯಲು. ಇಲ್ಲಿ ಅದು ತಡೆಯಬೇಕಾದದ್ದು ನೀರನ್ನು, ಬೂದಿಯನ್ನು, ಹಕ್ಕಿಯ ಹಿಕ್ಕೆಯನ್ನು, ಹಗಲಿನ ಬಿಸಿಲನ್ನು. ಶತ್ರು ಯಾರೆಂದು ತಿಳಿಯದೆ ಕೊಂಡ ಹೊದಿಕೆ ಕೆಲವೊಮ್ಮೆ ತಾನೇ ಶತ್ರುವಾಗುತ್ತದೆ.

ಆಕಾಶ ನೋಡಿದರೆ ಇಬ್ಬನಿ

ಇಬ್ಬನಿ ಮೇಲಿನಿಂದ ಬೀಳುತ್ತದೆ ಎಂದು ಬಹುಕಾಲ ಜನ ನಂಬಿದ್ದರು. ಲಂಡನ್ನಿನಲ್ಲಿ ವೈದ್ಯನಾಗಿದ್ದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬಾತ ರಾತ್ರಿಗಳನ್ನು ತೋಟದಲ್ಲಿ ಕಳೆದು, ಉಣ್ಣೆಯ ಸಣ್ಣ ಸಣ್ಣ ಎಸಳುಗಳನ್ನು ಬಯಲಿನಲ್ಲಿಟ್ಟು ತೂಗಿ ನೋಡಿ, 1814ರಲ್ಲಿ ಇಬ್ಬನಿಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಅವನು ತೋರಿಸಿದ್ದು ಇಷ್ಟು: ಮೋಡವಿಲ್ಲದ ರಾತ್ರಿ, ಬಯಲಿನಲ್ಲಿರುವ ವಸ್ತು ತನ್ನ ಶಾಖವನ್ನು ಆಕಾಶದ ಕಡೆಗೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆ ತಣ್ಣನೆಯ ಮೈಗೆ ತಾಗಿದ ಗಾಳಿ ತನ್ನಲ್ಲಿರುವ ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಹನಿಯಾಗಿ ಬಿಟ್ಟುಬಿಡುತ್ತದೆ.

ಕಾರಿನ ಮೇಲ್ಛಾವಣಿ ತೆಳುವಾದ ಉಕ್ಕಿನ ತಗಡು. ಅದರಲ್ಲಿ ಶಾಖ ಹೆಚ್ಚು ಉಳಿಯದು. ಸಂಜೆಯಾದ ಕೆಲವೇ ಗಂಟೆಗಳಲ್ಲಿ ಅದು ತಣ್ಣಗಾಗುತ್ತದೆ. ಮುಂಜಾನೆ ಎದ್ದು ನೋಡಿದರೆ ಛಾವಣಿ, ಬಾನೆಟ್ಟು, ಮುಂದಿನ ಗಾಜುಗಳೆಲ್ಲ ತೊಯ್ದಿರುತ್ತವೆ. ನೆಟ್ಟಗೆ ನಿಂತ ಬಾಗಿಲುಗಳಲ್ಲಿ ಹನಿ ಕಡಿಮೆ. ಕಾರಣ, ಬಾಗಿಲು ಆಕಾಶವನ್ನು ಅಷ್ಟಾಗಿ ನೋಡುವುದಿಲ್ಲ. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರವಿದ್ದರೆ ಅದರಡಿಯ ಕಾರು ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಚಪ್ಪರ ಕಾರಿಗೂ ಆಕಾಶಕ್ಕೂ ನಡುವೆ ಮರೆಯಾಗಿ ನಿಲ್ಲುವುದೇ ಇದಕ್ಕೆ ಕಾರಣ. ಅಂಗಳದಲ್ಲಿ ಜಾಗವಿದ್ದವರು ಹೊದಿಕೆಯ ಅಂಗಡಿಗೆ ಹೋಗುವ ಮೊದಲು ಒಂದು ಚಪ್ಪರದ ಯೋಚನೆ ಮಾಡುವುದು ಒಳ್ಳೆಯದು.

ಬರಿಯ ಇಬ್ಬನಿಯಿಂದ ಕಾರು ಕೆಡುವುದಿಲ್ಲ. ಒಂಬತ್ತು ಗಂಟೆಯ ಬಿಸಿಲಿಗೆ ಅದು ಆರಿಹೋಗುತ್ತದೆ. ಕೇಡು ಇರುವುದು ಆರದೆ ಉಳಿಯುವ ನೀರಿನಲ್ಲಿ. ತಗಡಿನ ಬಣ್ಣದಲ್ಲಿ ಸಣ್ಣ ಗೀರಿದ್ದರೂ ಸಾಕು, ಕಬ್ಬಿಣ, ನೀರು ಮತ್ತು ಗಾಳಿಯ ಆಮ್ಲಜನಕ ಮೂರೂ ಸೇರಿ ಅಲ್ಲಿ ತುಕ್ಕು ಹುಟ್ಟುತ್ತದೆ.

ಮದ್ದೂರು ವಡೆಯ ಪಾಠ

ಮದ್ದೂರಿನ ಹೆಸರನ್ನು ದೂರದೂರಿಗೆ ಒಯ್ದದ್ದು ರೈಲು ನಿಲ್ದಾಣದ ವಡೆ. ಬಿಸಿ ವಡೆಯನ್ನು ಕಾಗದದಲ್ಲಿ ಸುತ್ತಿಸಿಕೊಂಡವರು ಮೈಸೂರು ತಲುಪಿದ ಮೇಲೂ ಅದನ್ನು ಕರುಂಕುರುಂ ಎಂದು ತಿನ್ನುತ್ತಾರೆ. ಅದೇ ವಡೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದವರಿಗೆ ಸಿಗುವುದು ಮೆತ್ತಗಾದ ವಡೆ. ಚೀಲದೊಳಕ್ಕೆ ನೀರು ಹಾಕಿದವರು ಯಾರೂ ಇಲ್ಲ. ವಡೆಯದೇ ಹಬೆ ಹೊರಹೋಗಲು ದಾರಿ ಕಾಣದೆ ಚೀಲಕ್ಕಂಟಿ ನೀರಾಗಿ ಮರಳಿ ಬಿದ್ದಿರುತ್ತದೆ.

ಪ್ಲಾಸ್ಟಿಕ್ ಹಾಳೆ ಹೊದ್ದ ಕಾರಿಗೂ ಆಗುವುದು ಇದೇ. ಕಾರು ನಿಂತಿರುವುದು ಮಣ್ಣಿನ ನೆಲದ ಮೇಲೆ. ನಾಲೆಯ ಬಯಲಿನ ನೆಲದಲ್ಲಿ ಚಳಿಗಾಲದಲ್ಲೂ ತೇವ ಇರುತ್ತದೆ. ಹಗಲು ಬಿಸಿಲಿಗೆ ನೆಲದ ತೇವ ಆವಿಯಾಗಿ ಮೇಲೇಳುತ್ತದೆ. ಸುತ್ತಲೂ ನೆಲದವರೆಗೆ ಇಳಿಬಿಟ್ಟ ಹಾಳೆ ಅದನ್ನು ಒಳಗೇ ಹಿಡಿಯುತ್ತದೆ. ರಾತ್ರಿ ಹಾಳೆ ತಣ್ಣಗಾದಾಗ ಆ ಆವಿ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ ಕಾರಿನ ಮೇಲೇ ಬೀಳುತ್ತದೆ. ಹೊರಗಿನ ಇಬ್ಬನಿಯಾದರೆ ಬಿಸಿಲಿಗೆ ಆರುತ್ತಿತ್ತು. ಒಳಗಿನ ಈ ನೀರು ಆರುವುದೇ ಇಲ್ಲ. ತಿಂಗಳ ಮೇಲೆ ಹೊದಿಕೆ ತೆಗೆದರೆ ಸೀಟಿನಲ್ಲಿ ಬೂಷ್ಟಿನ ವಾಸನೆ, ಬಾಗಿಲ ಅಂಚಿನಲ್ಲಿ ಕೆಂಪು ಚುಕ್ಕೆ. ಜೋಪಾನ ಮಾಡಿದ್ದಕ್ಕೇ ಕಾರು ಕೆಟ್ಟಿರುತ್ತದೆ.

ಹಕ್ಕಿಯ ನೆರಳು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಲು ಬರುತ್ತವೆ. ಊರೊಳಗಿನ ಹುಣಸೆ ಮರಗಳೇ ಅವುಗಳ ಬಾಣಂತಿಮನೆ. ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವನ್ನು ನೋಡಿಕೊಂಡ ಊರು ಅದು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಮರದಡಿ ಬೀಳುವ ಹಿಕ್ಕೆ ಅಲ್ಲಿನ ರೈತರಿಗೆ ಗೊಬ್ಬರ. ನೆರಳು ಕಂಡು ಅದೇ ಮರದಡಿ ಕಾರು ನಿಲ್ಲಿಸಿದ ಪ್ರವಾಸಿಗೆ ಅದು ಬೇರೆಯೇ ಕಥೆ.

ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ. ಬಿಸಿಲಿಗೆ ಕಾದ ಬಣ್ಣದ ಮೇಲೆ ಅದು ಒಣಗಿ ಕೂತರೆ ಮಾಸದ ಕಲೆ ಉಳಿಯುತ್ತದೆ. ಕೊಕ್ಕರೆಯೇ ಆಗಬೇಕೆಂದಿಲ್ಲ. ಊರ ಆಲದ ಮರದ ಕಾಗೆ, ಗೊರವಂಕಗಳೂ ಇದಕ್ಕೆ ಸಾಕು. ಇಲ್ಲಿ ಹೊದಿಕೆ ನಿಜಕ್ಕೂ ಉಪಕಾರಿ. ಹೊದಿಕೆ ಇಲ್ಲದಾಗ ಕಲೆಯನ್ನು ಉಗುರಿನಲ್ಲಿ ಕೆರೆಯದೆ, ಒದ್ದೆ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಾಸಿ ನೆನೆಸಿ ಒರೆಸಬೇಕು.

ಸಕ್ಕರೆ ನಾಡಿನ ಬೂದಿ

ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಅದಕ್ಕೂ ನಂತರ, 1939ರಲ್ಲಿ. ಜಿಲ್ಲೆಗಿಂತ ಸಕ್ಕರೆಯೇ ಹಿರಿಯದು ಎಂದರೂ ತಪ್ಪಿಲ್ಲ. ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ, ಕೊಪ್ಪಗಳಲ್ಲೂ ಸಕ್ಕರೆ ಕಾರ್ಖಾನೆಗಳಿವೆ. ಊರೂರಿನ ಆಲೆಮನೆಗಳಲ್ಲಿ ಹಿಂಡಿದ ಕಬ್ಬಿನ ರಚ್ಚೇ ಒಲೆಯ ಉರುವಲು. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿದ ತರಗಿಗೆ ಬೆಂಕಿ ಇಡುವ ರೂಢಿಯೂ ಇದೆ. ಚಳಿಗಾಲದ ಸಂಜೆ ಗಾಳಿ ಮೇಲೇಳದೆ ನೆಲಕ್ಕೇ ಅಂಟಿಕೊಂಡಿರುವಾಗ, ಆ ಕರಿಯ ಎಳೆಗಳು ತೇಲಿಬಂದು ಒಣಗಿಹಾಕಿದ ಬಟ್ಟೆಯ ಮೇಲೂ ಕಾರಿನ ಮೇಲೂ ಕೂರುತ್ತವೆ.

ಬೂದಿಯ ಗುಣ ಮನೆಯ ಹೆಂಗಸರಿಗೆ ಗೊತ್ತು. ಪಾತ್ರೆ ತಿಕ್ಕಲು ಅದನ್ನು ಬಳಸುತ್ತಿದ್ದುದು ಸುಮ್ಮನೆ ಅಲ್ಲ. ನೀರು ಸೇರಿದ ಬೂದಿ ಕ್ಷಾರವಾಗುತ್ತದೆ, ಅದರ ಕಣಗಳು ಕಲೆಯನ್ನು ಉಜ್ಜಿ ತೆಗೆಯುತ್ತವೆ. ಕಂಚಿನ ತಂಬಿಗೆಗೆ ಒಳ್ಳೆಯದಾದದ್ದು ಕಾರಿನ ಬಣ್ಣಕ್ಕೆ ಒಳ್ಳೆಯದಲ್ಲ. ಬೂದಿ, ಧೂಳು ಕೂತ ಕಾರಿನ ಮೇಲೆ ಹೊದಿಕೆಯನ್ನು ಎಳೆದಾಡಿದರೆ ಇಡೀ ಕಾರನ್ನು ಪಾತ್ರೆಯಂತೆ ತಿಕ್ಕಿದ ಹಾಗೆಯೇ. ಮೊದಲು ನೀರು ಸುರಿದು ತೊಳೆದು, ಚೆನ್ನಾಗಿ ಆರಿದ ಮೇಲೆ ಹೊದಿಸಬೇಕು. ಹೊದಿಕೆ ಸಡಿಲವಾಗಿದ್ದರೂ ಇದೇ ತೊಂದರೆ. ಗಾಳಿಗೆ ಅದು ಪಟಪಟನೆ ಬಡಿಯುತ್ತ ರಾತ್ರಿಯಿಡೀ ಉಜ್ಜುತ್ತಿರುತ್ತದೆ.

ಮಳವಳ್ಳಿಯ ಮೆದೆ

ಮದ್ದೂರಿನಿಂದ ಮಳವಳ್ಳಿಯ ಕಡೆಗೆ ಹೋದಂತೆ ನಾಲೆಯ ಹಸಿರು ಅಲ್ಲಲ್ಲಿ ತೆಳುವಾಗಿ ರಾಗಿ, ಹುರುಳಿಯ ಹೊಲಗಳು ಕಾಣಿಸಿಕೊಳ್ಳುತ್ತವೆ. ಕಣಗಳಲ್ಲಿ ಹುಲ್ಲಿನ ಮೆದೆಗಳು. ಹೊದಿಕೆ ಎಂದರೆ ಏನೆಂದು ತಿಳಿಯಬೇಕಾದವರು ಈ ಮೆದೆಯನ್ನೊಮ್ಮೆ ಸುತ್ತಿ ನೋಡಬೇಕು. ಬುಡದಲ್ಲಿ ಕಲ್ಲು, ಸೌದೆಗಳನ್ನು ಹಾಕಿ ನೆಲದ ತೇವ ಏರದಂತೆ ಮಾಡಿರುತ್ತಾರೆ. ನೆತ್ತಿಯನ್ನು ಇಳಿಜಾರಾಗಿ ಒಟ್ಟಿರುತ್ತಾರೆ, ಬಿದ್ದ ನೀರು ನಿಲ್ಲದೆ ಜಾರುತ್ತದೆ. ಪಕ್ಕಗಳು ಬಯಲು, ಒಳಗಿನ ಹಬೆ ಹೊರಹೋಗುತ್ತದೆ. ಹಸಿ ಹುಲ್ಲನ್ನು ಒಟ್ಟಿ ಬಿಗಿಯಾಗಿ ಮುಚ್ಚಿದರೆ ಮೆದೆ ಒಳಗೇ ಕಾವೇರಿ ಕೊಳೆಯುತ್ತದೆಂದು ರೈತನಿಗೆ ಗೊತ್ತು. ಅವನ ಕಂಬಳಿಯದೂ ಇದೇ ಗುಣ. ಕೊಪ್ಪೆ ಹಾಕಿಕೊಂಡರೆ ತುಂತುರು ಮೈಗೆ ತಾಗದು, ಮೈಯ ಬೆವರು ಒಳಗೆ ನಿಲ್ಲದು. ನೀರು ಒಳಬರಬಾರದು, ಹಬೆ ಹೊರಹೋಗಬೇಕು. ಒಳ್ಳೆಯ ಹೊದಿಕೆಯ ಲಕ್ಷಣ ಇವೆರಡೇ.

ಕೆಲವು ವರ್ಷ ಬಂಗಾಳ ಕೊಲ್ಲಿಯ ಚಂಡಮಾರುತದ ಬಾಲ ಡಿಸೆಂಬರಿನಲ್ಲಿ ಇತ್ತ ಬೀಸಿ ಕಟಾವಿನ ಹೊತ್ತಿಗೇ ಮಳೆ ಸುರಿಯುತ್ತದೆ. ಮನೆಯಲ್ಲಿರುವುದು ಒಂದೇ ಟಾರ್ಪಾಲು. ಅತ್ತ ಕಣದಲ್ಲಿ ರಾಗಿಯ ರಾಶಿ, ಇತ್ತ ಬೀದಿಯಲ್ಲಿ ಕಂತಿನ ಕಾರು. ಅದನ್ನು ಯಾವುದಕ್ಕೆ ಹೊದಿಸುವುದು? ಇಲ್ಲಿ ಎರಡನೆಯ ಯೋಚನೆ ಬೇಡ. ರಾಗಿಗೇ ಹೊದಿಸಬೇಕು. ನೆನೆದ ರಾಗಿ ಮೊಳೆತು ವರ್ಷದ ಅನ್ನ ಹೋಗುತ್ತದೆ. ಕಾರನ್ನು ಮಾಡಿರುವುದೇ ಮಳೆಯಲ್ಲಿ ಓಡಲು. ಬರಿಮೈಯಲ್ಲಿ ನೆನೆದು ಬಿಸಿಲಿಗೆ ಆರಿದ ಕಾರು, ಟಾರ್ಪಾಲಿನಡಿ ಬೆವೆತ ಕಾರಿಗಿಂತ ಕ್ಷೇಮ. ಮಳೆ ನಿಂತೊಡನೆ ರಾಶಿಯ ಮೇಲಿನ ಟಾರ್ಪಾಲನ್ನೂ ತೆಗೆದು ಗಾಳಿಯಾಡಿಸಬೇಕೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಂಗಡಿಯಲ್ಲಿ ಕೇಳಬೇಕಾದದ್ದು

ಮಂಡ್ಯದ ಅಂಗಡಿಗಳಲ್ಲಾಗಲಿ ಬೆಂಗಳೂರಿನಲ್ಲಾಗಲಿ ಸಿಗುವ ಹೊದಿಕೆಗಳನ್ನು ಸ್ಥೂಲವಾಗಿ ಮೂರು ಬಗೆ ಎನ್ನಬಹುದು. ಮೊದಲನೆಯದು ಪ್ಲಾಸ್ಟಿಕ್ ಅಥವಾ ರೆಗ್ಸಿನಿನಂಥದು. ನೀರು ಸ್ವಲ್ಪವೂ ಇಳಿಯದು, ಹಬೆಯೂ ಹೊರಹೋಗದು. ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಇದು ಸಲ್ಲದು. ಎರಡನೆಯದು ಬರಿಯ ಹತ್ತಿ ಬಟ್ಟೆ. ಬಣ್ಣಕ್ಕೆ ಮೃದು, ಉಸಿರಾಟವೂ ಚೆನ್ನ. ಆದರೆ ಇಬ್ಬನಿ ಕುಡಿದು ಒದ್ದೆಯಾಗಿ ಮೈಗಂಟುತ್ತದೆ. ಚಪ್ಪರ ಅಥವಾ ಶೆಡ್ಡಿನೊಳಗೆ ಧೂಳು ತಡೆಯಲು ಇದು ಸಾಕು. ಮೂರನೆಯದು ಹಲವು ಪದರದ್ದು. ಹೊರಪದರದಲ್ಲಿ ನೀರು ಜಾರುತ್ತದೆ, ಆದರೆ ಹಬೆ ದಾಟುತ್ತದೆ. ಒಳಪದರ ಮೃದುವಾಗಿರುತ್ತದೆ. ಬಯಲಲ್ಲಿ ನಿಲ್ಲುವ ಕಾರಿಗೆ ಇದೇ ತಕ್ಕದ್ದು.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ ನೋಡಬೇಕು. ಬಿಸಿಯುಸಿರು ಅತ್ತ ಕಡೆಯ ಅಂಗೈಗೆ ತಾಗಿದರೆ ಒಳ್ಳೆಯದು. ತಾಗದಿದ್ದರೆ ಪಕ್ಕಗಳಲ್ಲಿ ಗಾಳಿಕಿಂಡಿ ಇದೆಯೇ ಎಂದು ನೋಡಬೇಕು. ಕಾರಿನ ಮಾದರಿಯ ಹೆಸರು ಹೇಳಿ ಅದರದೇ ಅಳತೆ ಕೇಳಬೇಕು. ಅಂಚಿಗೆ ಎಲಾಸ್ಟಿಕ್, ಹೊಟ್ಟೆಯಡಿ ಬಿಗಿಯಲು ಪಟ್ಟಿ ಇರಬೇಕು.

ಹೊದಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ವಾರಕ್ಕೊಮ್ಮೆ ಬಿಸಿಲೇರಿದ ಮೇಲೆ ಹೊದಿಕೆ ತೆಗೆದು ಕಾರಿಗೂ ಹೊದಿಕೆಗೂ ಬಿಸಿಲು ಕಾಯಿಸಬೇಕು. ಆಗಲೇ ನಾಲ್ಕು ಮೈಲಿ ಓಡಿಸಿ ಬಂದರೆ ಬ್ಯಾಟರಿ ಸಾಯುವುದಿಲ್ಲ. ಬೆಚ್ಚನೆಯ ಬಾನೆಟ್ಟಿನಡಿ ಇಲಿ ಸಂಸಾರ ಹೂಡಿದ್ದರೂ ಗೊತ್ತಾಗುತ್ತದೆ. ಬಂದ ಕೂಡಲೇ ಮುಚ್ಚದೆ ಸೈಲೆನ್ಸರ್ ತಣ್ಣಗಾಗಲು ಬಿಡಬೇಕು. ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ ಪ್ರಸಂಗಗಳು ಈ ಭಾಗದಲ್ಲಿ ನಡೆದಿವೆ. ಆದ್ದರಿಂದ ಒಮ್ಮೆ ಬಗ್ಗಿ ನೋಡುವುದೂ ಅಗತ್ಯ. ತೇವದಲ್ಲಿ ಬಹಳ ದಿನ ನಿಲ್ಲುವ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅದು ಅಂಟಿಕೊಳ್ಳಬಹುದು. ಸಮತಟ್ಟು ನೆಲದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು ಲೇಸು.

ಶಾಲೆಯ ಮಕ್ಕಳಿಗೆ ಇದರಲ್ಲಿ ಖರ್ಚಿಲ್ಲದ ಒಂದು ಪ್ರಯೋಗವೂ ಇದೆ. ಮೋಡವಿಲ್ಲದ ಸಂಜೆ ಮೂರು ಸ್ಟೀಲ್ ತಟ್ಟೆ ತೆಗೆದುಕೊಂಡು ಒಂದನ್ನು ಬಯಲಲ್ಲಿ, ಒಂದನ್ನು ಚಪ್ಪರದಡಿ, ಒಂದನ್ನು ಹಸಿ ಮಣ್ಣಿನ ಮೇಲೆ ಇಟ್ಟು ಮೂರನೆಯದಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಬೇಕು. ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೊಮ್ಮೆ, ಹತ್ತು ಗಂಟೆಗೆ ಇನ್ನೊಮ್ಮೆ ಮೂರನ್ನೂ ಮುಟ್ಟಿ ನೋಡಬೇಕು. ಯಾವುದು ಮೊದಲಿಂದಲೂ ಒಣಗಿತ್ತು, ಯಾವುದು ಆರಿತು, ಯಾವುದು ಇನ್ನೂ ಒದ್ದೆ ಎಂದು ಬರೆದಿಟ್ಟುಕೊಂಡ ಮಗು, ಅಪ್ಪ ಹೊದಿಕೆ ಕೊಳ್ಳಲು ಅಂಗಡಿಗೆ ಹೊರಟಾಗ ಜೊತೆಗೆ ಹೋಗಬಹುದು.