ಎಣ್ಣೆ ರೇಟು ಮತ್ತು ಎದುರು ಮನೆ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಎಣ್ಣೆ ಅಂದರೆ ನೀವಂದುಕೊಂಡ ಎಣ್ಣೆ ಅಲ್ಲ. ನೆಲದಿಂದ ತೆಗೆಯುವ ಕಚ್ಚಾ ಎಣ್ಣೆ :-)

ಬಹಳ ದಿನಗಳಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಕಾರಣ, ಮನೆ ಹುಡುಕಾಟ. ಶನಿವಾರ ಬಂತೆಂದರೆ ನಾನು, ನನ್ನವಳು ಇಬ್ಬರೂ ಏಜೆಂಟಿನ ಹಿಂದೆ ಹ್ಯೂಸ್ಟನ್ನಿನ ಪಶ್ಚಿಮಕ್ಕಿರುವ ಕೇಟಿಯ ಬೀದಿಗಳನ್ನು ಸುತ್ತುವುದೇ ಕೆಲಸವಾಗಿತ್ತು. ನೋಡಿದ ಮನೆಗಳೆಲ್ಲ ಚೆನ್ನಾಗಿಯೇ ಇರುತ್ತಿದ್ದವು. ಬೆಲೆ ಕೇಳಿದ ಮೇಲೆ ಮಾತ್ರ ಕಾರಿನಲ್ಲಿ ವಾಪಸ್ ಬರುವಾಗ ಇಬ್ಬರೂ ಮಾತಾಡುತ್ತಿರಲಿಲ್ಲ.

ಆಫೀಸಿನ ಗೆಳೆಯನೊಬ್ಬ ಒಂದು ಉಪಾಯ ಹೇಳಿಕೊಟ್ಟ. "ಕಾಯೋ ಮಗಾ. ಇದು ಎಣ್ಣೆ ಊರು. ಬ್ಯಾರಲ್ ರೇಟು ಬೀಳಲಿ, ಮನೆ ರೇಟು ತಾನಾಗೇ ಬೀಳುತ್ತೆ. ಆಗ ತಗೋ." ಲಾಜಿಕ್ ಸರಿಯಾಗಿದೆ ಅನ್ನಿಸಿತು. ಅವತ್ತಿನಿಂದ ಫೋನಿನಲ್ಲಿ ಕ್ರಿಕೆಟ್ ಸ್ಕೋರಿನ ಪಕ್ಕದಲ್ಲೇ ಕ್ರೂಡ್ ರೇಟನ್ನೂ ಹಾಕಿಕೊಂಡೆ. ಬೆಳಿಗ್ಗೆ ಎದ್ದ ತಕ್ಷಣ ಅದನ್ನು ನೋಡುವುದು. ಕೆಂಪು ಬಣ್ಣದಲ್ಲಿದ್ದರೆ, ಅಂದರೆ ಇಳಿದಿದ್ದರೆ, ಆ ದಿನದ ಕಾಫಿ ಸ್ವಲ್ಪ ಹೆಚ್ಚೇ ರುಚಿಸುತ್ತಿತ್ತು.

ಈ ವಿಷಯವನ್ನು ನಾನು ಬಾಯಿಬಿಟ್ಟಿದ್ದು ನಮಗೆ ಗೊತ್ತಿರುವ ಒಬ್ಬ ಅಂಕಲ್ ಮನೆಯಲ್ಲಿ. ಮೈಸೂರಿನ ಕಡೆಯವರು, 1979ರಲ್ಲಿ ಹ್ಯೂಸ್ಟನ್ನಿಗೆ ಬಂದ ಮೆಕ್ಯಾನಿಕಲ್ ಎಂಜಿನಿಯರು. ರಿಟೈರಾಗಿ ವರ್ಷಗಳಾದವು. ಆಂಟಿ ಬಿಸಿಬೇಳೆಬಾತ್ ಮಾಡಿ ಕರೆದಿದ್ದರು. ಊಟದ ನಡುವೆ ಫೋನ್ ನೋಡಿ, "ಇವತ್ತು ಕ್ರೂಡ್ ಎರಡು ಡಾಲರ್ ಇಳಿದಿದೆ ಅಂಕಲ್" ಅಂದೆ, ಏನೋ ಲಾಟರಿ ಹೊಡೆದವನ ಹಾಗೆ.

ಅವರು ತಟ್ಟೆಯಿಂದ ತಲೆ ಎತ್ತದೆ ಕೇಳಿದರು, "ನಿನಗೆ ಸಂಬಳ ಕೊಡೋರು ಯಾರಪ್ಪಾ?"

ನಾನು ಬರೆಯುವುದು ಎಣ್ಣೆ ಬಾವಿ ಕೊರೆಯುವ ರಿಗ್‌ಗಳಿಂದ ಬರುವ ಡೇಟಾ ತೋರಿಸುವ ಸಾಫ್ಟ್‌ವೇರು. ರಿಗ್ ನಿಂತರೆ ಡೇಟಾ ಇಲ್ಲ, ಡೇಟಾ ಇಲ್ಲದಿದ್ದರೆ ನಾನಿಲ್ಲ. ಇಷ್ಟು ದಿನ ಇದು ಹೊಳೆದೇ ಇರಲಿಲ್ಲವೇ ಎಂದು ಕೇಳಬೇಡಿ. ಹೊಳೆದಿತ್ತು, ಆದರೆ ನನ್ನ ಕೆಲಸ ಹೋಗದೆ ಬೇರೆಯವರ ಕೆಲಸ ಮಾತ್ರ ಹೋಗುತ್ತದೆ ಅಂದುಕೊಂಡಿದ್ದೆ. ಬರೆದು ನೋಡಿದರೆ ಎಷ್ಟು ಕೆಟ್ಟದಾಗಿ ಕಾಣುತ್ತದೆ ಈ ವಾಕ್ಯ!

ಊಟವಾದ ಮೇಲೆ ಅಂಕಲ್ ಕಿಟಕಿಯ ಪಕ್ಕ ಕೂತು ಎದುರು ಮನೆ ತೋರಿಸಿದರು. "ಅದು ನನ್ನ ಸ್ನೇಹಿತಂದಾಗಿತ್ತು" ಎಂದು ಶುರು ಮಾಡಿದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಹ್ಯೂಸ್ಟನ್ ಅಂದರೆ ಕೆಲಸ, ಕೆಲಸ ಅಂದರೆ ಹ್ಯೂಸ್ಟನ್. ಡೆಟ್ರಾಯಿಟಿನ ಕಾರ್ ಫ್ಯಾಕ್ಟರಿಗಳಲ್ಲಿ ಕೆಲಸ ಕಳೆದುಕೊಂಡವರೆಲ್ಲ ಕಾರಿನಲ್ಲಿ ಸಾಮಾನು ತುಂಬಿಕೊಂಡು ಇಲ್ಲಿಗೆ ಬರುತ್ತಿದ್ದರಂತೆ. 1981ರ ಹೊತ್ತಿಗೆ ಬ್ಯಾರಲ್ಲಿಗೆ ಮೂವತ್ತೈದು ಡಾಲರ್ ದಾಟಿದ್ದ ಎಣ್ಣೆ ಇನ್ನೂ ಏರುತ್ತಲೇ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ಅಂಕಲ್ಲೂ ಅವರ ಸ್ನೇಹಿತರೂ ಒಂದೇ ಕಂಪನಿ, ಒಂದೇ ಫ್ಲೋರು. 1982ರಲ್ಲಿ ಎದುರುಬದುರು ಮನೆ ಕೊಂಡರು. 85 ಸಾವಿರ ಡಾಲರಿನ ಮನೆ, 80 ಸಾವಿರ ಸಾಲ. ಬಡ್ಡಿ ಎಷ್ಟು ಗೊತ್ತೇ? ಶೇಕಡಾ 16! ಆಗ ಅಮೆರಿಕದಲ್ಲಿ ಗೃಹಸಾಲದ ಸರಾಸರಿ ಬಡ್ಡಿಯೇ ಅಷ್ಟಿತ್ತು. 1981ರ ಅಕ್ಟೋಬರಿನಲ್ಲಿ 18ನ್ನೂ ದಾಟಿತ್ತು.

ಆಮೇಲೆ ಮನೆಗೆ ಬಂದು ಸುಮ್ಮನಿರಲಾರದೆ ಎಕ್ಸೆಲ್ಲಿನಲ್ಲಿ ಲೆಕ್ಕ ಹಾಕಿದೆ. ಮೂವತ್ತು ವರ್ಷದ ಸಾಲಕ್ಕೆ ತಿಂಗಳ ಕಂತು 1,076 ಡಾಲರ್. ನಾಲ್ಕು ವರ್ಷಕ್ಕೆ ಕಟ್ಟಿದ್ದು 51 ಸಾವಿರಕ್ಕೂ ಹೆಚ್ಚು. ಅದರಲ್ಲಿ ಅಸಲಿಗೆ ಜಮೆಯಾಗಿದ್ದು ಬರೀ 610 ಡಾಲರ್! ಫಾರ್ಮುಲಾ ತಪ್ಪಿರಬೇಕೆಂದು ಎರಡು ಸಲ ನೋಡಿದೆ. ತಪ್ಪಿರಲಿಲ್ಲ.

1982ರಿಂದಲೇ ಎಣ್ಣೆ ಇಳಿಯಲು ಶುರುವಾಗಿ ರಿಗ್‌ಗಳು ನಿಲ್ಲತೊಡಗಿದವು. ವಿಚಿತ್ರ ಅಂದರೆ ಮನೆ, ಅಪಾರ್ಟ್‌ಮೆಂಟು ಕಟ್ಟುವುದು ಮಾತ್ರ ನಿಲ್ಲಲಿಲ್ಲ. 1981ರ ತೆರಿಗೆ ಕಾನೂನಿನಲ್ಲಿ ಕಟ್ಟಡಕ್ಕೆ ಹಣ ಹಾಕಿದವರಿಗೆ ಭಾರಿ ವಿನಾಯಿತಿ ಸಿಕ್ಕಿತ್ತು. 1982ರಲ್ಲಿ ಇನ್ನೊಂದು ಕಾನೂನು ಬಂದು, ಮನೆ ಸಾಲ ಕೊಡುತ್ತಿದ್ದ 'ಸೇವಿಂಗ್ಸ್ ಅಂಡ್ ಲೋನ್' ಸಂಸ್ಥೆಗಳು ದೊಡ್ಡ ದೊಡ್ಡ ಕಟ್ಟಡಗಳಿಗೂ ಧಾರಾಳವಾಗಿ ಸಾಲ ಕೊಡಬಹುದು ಎಂದಾಯಿತು. ಠೇವಣಿಗೆ ಸರ್ಕಾರದ ವಿಮೆ ಹೇಗೂ ಇತ್ತಲ್ಲ, ಅವರಿಗೇನು ಭಯ? ಜನ ಊರು ಬಿಡುತ್ತಿದ್ದಾಗ ಗೋಡೆಗಳು ಏಳುತ್ತಿದ್ದವು. ಅಂದರೆ ಎಣ್ಣೆ ಒಂದೇ ಮನೆಗಳ ಬೆಲೆಯನ್ನು ಕೆಡವಲಿಲ್ಲ. ಎಣ್ಣೆ ಏರುತ್ತಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಖಾಲಿ ಮನೆಗಳೂ ಕೆಡವಿದವು.

1985ರ ಕೊನೆಗೆ ಸೌದಿ ಅರೇಬಿಯಾ ಉತ್ಪಾದನೆ ಹೆಚ್ಚಿಸಿತು. ಆ ನವೆಂಬರಿನಲ್ಲಿ ಮೂವತ್ತು ಡಾಲರಿದ್ದ ಬ್ಯಾರಲ್ ಕೆಲವೇ ತಿಂಗಳಲ್ಲಿ ಹತ್ತರ ಹತ್ತಿರಕ್ಕೆ ಬಂತು. 1982ರಿಂದ 1987ರ ಒಳಗೆ ಹ್ಯೂಸ್ಟನ್ ಕಳೆದುಕೊಂಡ ಕೆಲಸಗಳು ಎರಡು ಲಕ್ಷಕ್ಕೂ ಹೆಚ್ಚು. ಟೆಕ್ಸಾಸಿನಲ್ಲಿ ಸಾಲ ಕಟ್ಟದವರ ಮನೆಗಳ ಹರಾಜು ಪ್ರತಿ ತಿಂಗಳ ಮೊದಲ ಮಂಗಳವಾರ, ಕೋರ್ಟಿನ ಬಾಗಿಲಲ್ಲಿ. ಇವತ್ತಿಗೂ ಅದೇ ಪದ್ಧತಿ. ಆಗ ಸಾವಿರಾರು ಮನೆಗಳು ಹಾಗೆ ಹೋದವು. ಟೆಕ್ಸಾಸಿನ ಹತ್ತು ದೊಡ್ಡ ಬ್ಯಾಂಕುಗಳಲ್ಲಿ ಒಂಬತ್ತು ಮುಳುಗಿದವು ಇಲ್ಲವೇ ಬೇರೆಯವರ ಪಾಲಾದವು.

1986ರಲ್ಲಿ ಅಂಕಲ್ ಕೆಲಸವೂ ಹೋಯಿತು, ಸ್ನೇಹಿತರದ್ದೂ ಹೋಯಿತು. ಒಂದು ರಾತ್ರಿ ಸ್ನೇಹಿತರು ಸಾಮಾನೆಲ್ಲ ಬಾಡಿಗೆ ಟ್ರಕ್ಕಿಗೆ ಹಾಕಿ, ಮನೆ ಕೀಲಿಯನ್ನು ಲಕೋಟೆಯಲ್ಲಿಟ್ಟು ಬ್ಯಾಂಕಿಗೆ ಪೋಸ್ಟ್ ಮಾಡಿ ನ್ಯೂಜೆರ್ಸಿಗೆ ಹೊರಟುಬಿಟ್ಟರು. ಹಾಗೆ ಮಾಡಿದವರು ಎಷ್ಟು ಜನರಿದ್ದರೆಂದರೆ ಆ ಲಕೋಟೆಗಳಿಗೆ 'ಜಿಂಗಲ್ ಮೇಲ್' ಅನ್ನುತ್ತಿದ್ದರು. ಕೀಲಿಗಳ ಗಲಗಲ ಸದ್ದಿನ ಅಂಚೆ.

"ಅವನು ಹೋಗಿದ್ದಕ್ಕೆ ಬೇಜಾರಾಗಿರಲಿಲ್ಲ. ಬ್ಯಾಂಕಿನವರು ಅವನ ಮನೇನ 52 ಸಾವಿರಕ್ಕೆ ಮಾರಿದರಲ್ಲ, ಆಗ ಹೊಟ್ಟೆ ಉರೀತು" ಅಂದರು ಅಂಕಲ್.

ಯಾಕೆಂದರೆ 1986ರ ಹೊತ್ತಿಗೆ ಬಡ್ಡಿ ಶೇಕಡಾ 10ರ ಹತ್ತಿರಕ್ಕೆ ಇಳಿದಿತ್ತು. 16ರ ಹಳೇ ಸಾಲ ತೀರಿಸಿ 10ರ ಹೊಸ ಸಾಲ ತೆಗೆದುಕೊಂಡರೆ, ಅದೇ ರಿಫೈನಾನ್ಸ್, ಉಸಿರಾಡಬಹುದಿತ್ತು. ಆದರೆ ಹೊಸ ಸಾಲ ಕೊಡುವವರು ಮೊದಲು ನಿಮ್ಮ ಮನೆಗೆ ಬೆಲೆ ಕಟ್ಟುತ್ತಾರೆ. ಹೇಗೆ? ಅಕ್ಕಪಕ್ಕದಲ್ಲಿ ಅಂಥದೇ ಮನೆ ಎಷ್ಟಕ್ಕೆ ಹೋಯಿತು ಎಂದು ನೋಡಿ. ಎದುರು ಮನೆ 52 ಸಾವಿರಕ್ಕೆ ಹೋಗಿದೆ, ಆದ್ದರಿಂದ ಇವರದ್ದೂ 52 ಸಾವಿರ. ಸಾಲ 79 ಸಾವಿರದ ಮೇಲೆ. ಯಾರು ಕೊಡುತ್ತಾರೆ? ಎದುರು ಮನೆಗೆ ಹೊಸದಾಗಿ ಬಂದವರ ಕಂತು ತಿಂಗಳಿಗೆ 440ರ ಆಸುಪಾಸು, ಇವರದ್ದು 1,076. ಅದೇ ನಕ್ಷೆ, ಅದೇ ಇಟ್ಟಿಗೆ, ಅದೇ ಬೀದಿ. ದಿನಾ ಬೆಳಿಗ್ಗೆ ಕಿಟಕಿ ತೆಗೆದರೆ ಎದುರಿಗೆ ಅದೇ ಮನೆ.

"ಹತ್ತು ವರ್ಷ ಅವನ ಜೊತೆ ಮಾತಾಡಲಿಲ್ಲ ನಾನು. ದೀಪಾವಳಿಗೆ ಫೋನ್ ಮಾಡಿದರೂ ಇವಳ ಕೈಗೆ ಕೊಟ್ಟುಬಿಡ್ತಿದ್ದೆ. ಸಾಲಕ್ಕೆ ಹೆದರಿ ಓಡಿಹೋದ, ನಾನು ಮರ್ಯಾದಸ್ಥ ಅಂತ ಒಳಗೇ ಒಂದು ಸೊಕ್ಕು."

ನಾನು ಸುಮ್ಮನಿದ್ದೆ. ಒಳಗಿಂದ ಆಂಟಿ ಹೇಳಿದರು, "ಮರ್ಯಾದೆ ಅಲ್ಲ ರೀ, ನನ್ನ ಸಂಬಳ."

ಅಂಕಲ್ ನಕ್ಕುಬಿಟ್ಟರು. ವಿಷಯ ಅದೇ. ಆಂಟಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದರು. ಎಣ್ಣೆ ಹತ್ತು ಡಾಲರಾದರೂ ರಕ್ತಪರೀಕ್ಷೆ ನಿಲ್ಲುವುದಿಲ್ಲವಲ್ಲ! ಎದುರು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಎಣ್ಣೆಯ ಕೆಲಸದಲ್ಲೇ ಇದ್ದರು. ಒಂದೇ ತಿಂಗಳಲ್ಲಿ ಇಬ್ಬರಿಗೂ ಚೀಟಿ ಸಿಕ್ಕಿತು. "ಎರಡು ಮನೆಗೂ ಇದ್ದ ವ್ಯತ್ಯಾಸ ಅಷ್ಟೇ. ಅದು ಅರ್ಥ ಆಗೋಕೆ ನನಗೆ ಅಷ್ಟು ವರ್ಷ ಬೇಕಾಯ್ತು" ಅಂದರು. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ಅಕ್ಕ ಸಮ್ಮೇಳನ ನಡೆದಾಗ ಸ್ನೇಹಿತರು ಬಂದಿದ್ದರಂತೆ. ಊಟದ ಕ್ಯೂನಲ್ಲಿ ಸಿಕ್ಕು, "ನಮ್ಮನೆ ಹೇಗಿದೆಯೋ?" ಎಂದು ಕೇಳಿದರಂತೆ. ಹದಿನಾಲ್ಕು ವರ್ಷದ ಹಿಂದೆ ಬಿಟ್ಟುಹೋದ ಮನೆಗೆ "ನಮ್ಮನೆ"... ಇದನ್ನು ಹೇಳುವಾಗ ಅಂಕಲ್ ಕಿಟಕಿಯ ಕಡೆಗೇ ನೋಡುತ್ತಿದ್ದರು.

ಬೆಲೆ ಬಿದ್ದಿದ್ದರಿಂದ ಎಲ್ಲರಿಗೂ ಕೆಟ್ಟದ್ದೇ ಆಯಿತು ಎಂದೂ ಹೇಳುವ ಹಾಗಿಲ್ಲ. ಗಲ್ಫ್‌ಟನ್ ಎಂಬ ಬಡಾವಣೆ ಇದೆ, ನಾವು ದಿನಸಿಗೆ ಹೋಗುವ ಹಿಲ್‌ಕ್ರಾಫ್ಟಿನ ಪಕ್ಕದಲ್ಲೇ. ಎಣ್ಣೆ ಕಾಲದ ಹುಡುಗರಿಗಾಗಿ ಈಜುಕೊಳ, ಕ್ಲಬ್ಬು ಎಲ್ಲ ಇಟ್ಟು ಕಟ್ಟಿದ ಅಪಾರ್ಟ್‌ಮೆಂಟುಗಳು ಅವು. ಹುಡುಗರೆಲ್ಲ ಊರು ಬಿಟ್ಟ ಮೇಲೆ ಬಾಡಿಗೆ ಇಳಿಸಿದರು. ಆಗ ಬಂದು ಸೇರಿದವರು ಎಲ್ ಸಾಲ್ವಡಾರ್, ಗ್ವಾಟೆಮಾಲಾಗಳ ಯುದ್ಧದಿಂದ ತಪ್ಪಿಸಿಕೊಂಡು ಬಂದ ಬಡವರು. ಒಬ್ಬರು ಬಿಟ್ಟುಹೋದ ಸೂರು ಇನ್ನೊಬ್ಬರಿಗೆ ಆಯಿತು.

ಇನ್ನು ನನ್ನ ಗೆಳೆಯನ ಲಾಜಿಕ್ಕಿಗೆ ಬರೋಣ. 2014ರ ಜೂನಿನಲ್ಲಿ ನೂರು ಡಾಲರಿನ ಮೇಲಿದ್ದ ಎಣ್ಣೆ 2016ರ ಫೆಬ್ರವರಿಯಲ್ಲಿ 26ಕ್ಕೆ ಬಂತು. ಹತ್ತಾರು ಸಾವಿರ ಕೆಲಸ ಹೋದವು. ಆದರೂ 1986ರ ಹಾಗೆ ಮನೆ ಬೆಲೆ ಕುಸಿಯಲಿಲ್ಲ. ಪೆಟ್ಟು ಬಿದ್ದಿದ್ದು ಹೆಚ್ಚಾಗಿ ದುಬಾರಿ ಮನೆಗಳಿಗೆ, ಹೊಸ ಅಪಾರ್ಟ್‌ಮೆಂಟುಗಳಿಗೆ, ಎಣ್ಣೆ ಕಂಪನಿಗಳ ಆಫೀಸು ಕಟ್ಟಡಗಳಿಗೆ. ಊರಿನ ಪೂರ್ವದಲ್ಲಿ ಅಗ್ಗದ ಗ್ಯಾಸ್ ನಂಬಿಕೊಂಡು ದೊಡ್ಡ ಕೆಮಿಕಲ್ ಫ್ಯಾಕ್ಟರಿಗಳು ಏಳುತ್ತಿದ್ದವು. ಆಸ್ಪತ್ರೆಗಳು ಬೆಳೆದಿದ್ದವು. ಬಡ್ಡಿ ಶೇಕಡಾ 4ರ ಹತ್ತಿರವಿತ್ತು. ಜೊತೆಗೆ, ಸ್ವಂತ ಮನೆಯ ಮೇಲೆ ಮನಸ್ಸಿಗೆ ಬಂದಷ್ಟು ಸಾಲ ಎತ್ತಲು ಟೆಕ್ಸಾಸ್ ಮೊದಲಿನಿಂದಲೂ ಬಿಡುತ್ತಿರಲಿಲ್ಲ. 1997ರಲ್ಲಿ ಬಿಟ್ಟಾಗಲೂ ಎಲ್ಲ ಸಾಲ ಸೇರಿ ಮನೆ ಬೆಲೆಯ ಶೇಕಡಾ 80 ಮೀರಬಾರದೆಂದು ಸಂವಿಧಾನದಲ್ಲೇ ಬರೆದುಕೊಂಡರು.

2020ರ ಏಪ್ರಿಲ್ 20 ನನಗೇ ನೆನಪಿದೆ. ಆಗ ನಾನಿನ್ನೂ ಎಂಎಸ್ ಮಾಡುತ್ತಿದ್ದೆ. ಎಣ್ಣೆ ರೇಟು ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರ್! ರೂಮ್‌ಮೇಟ್‌ಗಳೆಲ್ಲ ಸೇರಿ ಸ್ಕ್ರೀನ್‌ಶಾಟ್ ತೆಗೆದುಕೊಂಡು ನಕ್ಕಿದ್ದೆವು. ಮನೆ ಬೆಲೆ ಇಳಿಯಿತೇ? ಬಡ್ಡಿ ಶೇಕಡಾ 3ಕ್ಕಿಂತ ಕೆಳಗಿಳಿದು, ಮರುವರ್ಷ ಮನೆಗಳಿಗೆ ಮುಗಿಬಿದ್ದು ಬೆಲೆ ಏರಿಸಿದರು. ಅಂದರೆ ಗೆಳೆಯನ ಲಾಜಿಕ್ ಎರಡೂ ಕಡೆ ತಪ್ಪು. ಎಣ್ಣೆ ಸುಮ್ಮನೆ ಇಳಿದರೆ ಮನೆ ಬೆಲೆ ಇಳಿಯುವುದಿಲ್ಲ. ಮನೆ ಬೆಲೆ ನಿಜವಾಗಿ ಇಳಿಯುವಷ್ಟು ಊರು ಕೆಟ್ಟರೆ, ಕೊಳ್ಳಲು ನನ್ನ ಹತ್ತಿರ ಸಂಬಳವೇ ಇರುವುದಿಲ್ಲ.

ನನ್ನ ಲೆಕ್ಕದಲ್ಲಿ ಇನ್ನೊಂದು ಗಂಟಿದೆ. ಎಚ್1ಬಿ ವೀಸಾದಲ್ಲಿ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ನನ್ನವಳು ಎಚ್4ನಲ್ಲಿ, ಕೆಲಸ ಮಾಡುವ ಹಾಗಿಲ್ಲ. ಅಂದರೆ ಸಂಬಳ, ವೀಸಾ, ಮನೆ ಮೂರೂ ಒಂದೇ ಬ್ಯಾರಲ್ಲಿಗೆ ಕಟ್ಟಿದ ಹಾಗೆ. ಆಸ್ಪತ್ರೆ ಲ್ಯಾಬಿನ ಸಂಬಳ ನಮ್ಮ ಮನೆಯಲ್ಲಿಲ್ಲ. ನಾವು ಎದುರು ಮನೆಯವರು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಮಂಡಿಯಲ್ಲಿ ಸಾಲ ಮಾಡಿ ತೋಟ ಉಳಿಸಿಕೊಂಡ ತೀರ್ಥಹಳ್ಳಿ ಕಡೆಯ ಮನುಷ್ಯ ಅವರು. "ಇದಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತೇನೋ?" ಎಂದರು. "ಅಡಿಕೆ ರೇಟು ಬಿದ್ದ ವರ್ಷ ಪೇಟೆಲಿ ಸೈಟು ಸಸ್ತಾ ಸಿಗುತ್ತೆ, ಖರೆ. ಆದ್ರೆ ಅಡಿಕೆ ಬೆಳ್ಯೋನ ಕೈಲಿ ಆ ವರ್ಷ ದುಡ್ಡೆಲ್ಲಿರುತ್ತೆ? ತಗೊಳೋನು ಮೇಷ್ಟ್ರು." :-)

ಸದ್ಯಕ್ಕೆ ಅಪಾರ್ಟ್‌ಮೆಂಟಿನ ಲೀಸನ್ನು ಇನ್ನೊಂದು ವರ್ಷಕ್ಕೆ ಮುಂದುವರೆಸಿದ್ದೇವೆ. ನನ್ನವಳಿಗೆ ಸ್ವಲ್ಪ ಬೇಜಾರು. ಕೊನೆಗೆ ನೋಡಿದ ಮನೆಯ ಹಿತ್ತಲಲ್ಲಿ ಕರಿಬೇವು ಎಲ್ಲಿ ನೆಡಬೇಕೆಂದು ಅವಳು ಆಗಲೇ ಜಾಗ ಗುರುತು ಮಾಡಿದ್ದಳು. ಡೌನ್ ಪೇಮೆಂಟಿನ ದುಡ್ಡಲ್ಲಿ ಆರು ತಿಂಗಳ ಖರ್ಚನ್ನು ಬೇರೆ ತೆಗೆದಿಟ್ಟಿದ್ದೇವೆ. ಉಳಿದದ್ದು ಬೆಳೆದಾಗ, ಎಣ್ಣೆಗೆ ಸಂಬಂಧವಿಲ್ಲದ ಎರಡನೇ ಸಂಬಳವೊಂದು ಬಂದಾಗ ಮತ್ತೆ ಏಜೆಂಟಿಗೆ ಫೋನ್ ಮಾಡುವುದು. ಆಗ ಬೆಲೆ ಹೆಚ್ಚೇ ಇರಬಹುದು. ಇರಲಿ.

ಫೋನಿನಲ್ಲಿದ್ದ ಕ್ರೂಡ್ ರೇಟನ್ನು ತೆಗೆದುಹಾಕಿದೆ. ಕ್ರಿಕೆಟ್ ಸ್ಕೋರ್ ಒಂದೇ ಸಾಕು, ಅದರಲ್ಲಿ ಯಾರ ಮನೆಯೂ ಹೋಗುವುದಿಲ್ಲ.

ಒಂದೇ ಬೆಳೆ, ಒಂದೇ ಕಾರ್ಖಾನೆ, ಒಂದೇ ಗಣಿ ನಂಬಿದ ಊರುಗಳಿಂದ ಬಂದವರು ನಿಮ್ಮಲ್ಲೂ ಇರಬೇಕು. ನಿಮ್ಮೂರಿನ ಎದುರು ಮನೆಯ ಕತೆ ಏನು? ಪುರುಸೊತ್ತಾದಾಗ ನೀವೂ ಬರೆಯಿರಿ.