ನಮ್ಮ ಝುಣಕಾನೂ ವೀಗನ್ನೇ

ವೀಗನ್ ಅಂದ ಕೂಡಲೇ ಕ್ಯಾಂಪಸ್ಸಿನಲ್ಲಿ ಎಲ್ಲರೂ ಬಾದಾಮಿ ಹಾಲು, ತೋಫು ಅಂತ ರೇಟು ಹೇಳೋಕೆ ಶುರು ಮಾಡ್ತಾರೆ. ಆ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ನಮ್ಮ ಚಿಕ್ಕೇರೂರಿನ ಕಡೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅದಕ್ಕೂ ಹಿಂದಿನವು. ಒಂದರಲ್ಲೂ ಹಾಲಿನ ಹನಿ ಇಲ್ಲ. ಊರಿಂದ ಒಂದು ಗಂಟು ತಂದರೆ ಹದಿನೈದು ದಿನ ಕೆಡಲ್ಲ, ಫ್ರಿಜ್ಜೂ ಬೇಡ.

ಬಿಸಿ ಬೇಕಾದ ದಿನ ನಾವು ಅಣ್ಣ-ತಮ್ಮ ರೂಮಿನಲ್ಲೇ ಝುಣಕ ಮಾಡ್ತೀವಿ. ಒಂದು ಕಪ್ ಕಡಲೆಹಿಟ್ಟನ್ನು ಎರಡೂವರೆ ಕಪ್ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿಡಬೇಕು. ಇಂಡಕ್ಷನ್ ಮೇಲೆ ಎಣ್ಣೆ, ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಎರಡು ಉಳ್ಳಾಗಡ್ಡಿ. ಆಮೇಲೆ ಅರಿಶಿನ, ಉಪ್ಪು. ಹಿಟ್ಟು ಸುರಿದ ಮೇಲೆ ತಿರುವೋದು ನಿಲ್ಲಿಸಬಾರದು, ತಳ ಹಿಡಿಯುತ್ತೆ. ಗಟ್ಟಿಯಾದ ಮೇಲೆ ಪವರ್ ಕಡಿಮೆ ಮಾಡಿ ಐದು ನಿಮಿಷ ಮುಚ್ಚಿಡಿ, ಹಸಿ ವಾಸನೆ ಹೋಗಬೇಕು. ಕೊತ್ತಂಬರಿ ಇದ್ದರೆ ನಿಮ್ಮ ಪುಣ್ಯ.

ಬಿ12 ಮಾತ್ರ ಇದರಲ್ಲಿ ಸಿಗಲ್ಲ. ಹಾಲು ಪೂರ್ತಿ ಬಿಟ್ಟವರು ಅದಕ್ಕೆ ಮಾತ್ರೆ ತಗೋಬೇಕು.

ಕಷ್ಟ ಇರೋದು ಅಡುಗೆಯಲ್ಲಲ್ಲ, ಮನೇಲಿ. ಹಾಲು-ಮೊಸರು ಬಿಟ್ಟೀವಿ ಅಂದಾಗ ಅವ್ವ ಕೇಳಿದಳು: "ಹಂಗಾರ ಎಮ್ಮಿ ಯಾಕ ಕಟ್ಟೀವಿ? ಡೇರಿ ರೊಕ್ಕದಾಗ ಅಲ್ಲೇನು ನಿಮ್ಮ ಫೀಜು?" ಇದಕ್ಕೆ ನಮ್ಮ ಹತ್ರ ಉತ್ತರ ಇಲ್ಲ. ರಜೆಗೆ ಹೋದಾಗ ಆ ಎಮ್ಮೆಗೆ ಮೇವು ಹಾಕೋರೂ ನಾವೇ. ಈ ಸಲ ಹೊರಡುವಾಗ ಅವ್ವ ಗುರೆಳ್ಳು ಹಿಂಡಿ ಎರಡು ಡಬ್ಬಿ ತುಂಬಿಕೊಟ್ಟಳು. ಮೊಸರಿನ ಮಾತು ಎತ್ತಲಿಲ್ಲ.