ತವರಿನ ಕಾರ್ಡು, ಗಂಡನ ಮನೆ ಕಾರ್ಡು

ನಮ್ಮ ಕಡೆ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗ ತವರಿಂದ ಮಡಿಲಕ್ಕಿ ತರ್ತಾರೆ. ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವಾಗ ಅದರ ಜೊತೆ ಇನ್ಸುಲಿನ್ ಇಟ್ಟ ಪುಟ್ಟ ಡಬ್ಬಿಯನ್ನೂ ತಂದೆ. ಹತ್ತೊಂಬತ್ತನೇ ವಯಸ್ಸಿಂದ ನನಗೆ ಟೈಪ್ 1 ಸಕ್ಕರೆ ಕಾಯಿಲೆ. ಮಾತ್ರೆಗೆ ಬಗ್ಗುವ ಜಾತಿಯದಲ್ಲ. ದಿನಾ ಸೂಜಿ ಚುಚ್ಚಲೇಬೇಕು, ಬಿಟ್ಟರೆ ಜೀವಕ್ಕೇ ಕುತ್ತು.

ಚಾಮರಾಜನಗರದಿಂದ ಗುಂಡ್ಲುಪೇಟೆ ಏನು ಮಹಾ ದೂರ ಹೇಳಿ? ತೆರಕಣಾಂಬಿ ಮೇಲೆ ಬಸ್ಸು ಹಿಡಿದರೆ ಬಂದೇಬಿಡ್ತು. ಜಿಲ್ಲೆಯೂ ಅದೇ. ಬದಲಾಗಬೇಕಿದ್ದದ್ದು ರೇಷನ್ ಕಾರ್ಡು ಮಾತ್ರ... ಅದೇ ದೊಡ್ಡ ಕಥೆ ಆಯ್ತು ನೋಡಿ.

2018ರಲ್ಲಿ ನಮ್ಮ ‘ಆರೋಗ್ಯ ಕರ್ನಾಟಕ’ವನ್ನೂ ಕೇಂದ್ರದ ‘ಆಯುಷ್ಮಾನ್ ಭಾರತ್’ಅನ್ನೂ ಸೇರಿಸಿ ಒಂದು ಮಾಡಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ ಶೇ. 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದ ಶೇ. 70 ನಮ್ಮ ಜೇಬಿಂದ. ಅಮ್ಮನ ಮನೆಯದು ಬಿಪಿಎಲ್, ಗಂಡನ ಮನೆಯದು ಎಪಿಎಲ್. ಮೂರು ಗಂಟು ಬಿದ್ದ ಕೂಡಲೇ ನನ್ನ ಮೇದೋಜ್ಜೀರಕ ಗ್ರಂಥಿ ಏನೂ ಸುಧಾರಿಸಲಿಲ್ಲ :) ಕಾಯಿಲೆ ಇದ್ದಷ್ಟೇ ಇದೆ, ರಕ್ಷಣೆ ಮಾತ್ರ ಅರ್ಧಕ್ಕಿಂತ ಕೆಳಗಿಳೀತು.

ಅಮ್ಮ ಮಾತ್ರ ಹೇಳಿದ್ದೇ ಹೇಳಿದ್ದು: "ಹೆಸ್ರ ತೆಗಸ್ಬ್ಯಾಡ ಕನ ಕೂಸೇ, ನಮ್ಮ ಕಾರ್ಡಲ್ಲೇ ಇರ್ಲಿ ಬುಡು. ನಾಳ ಆಸ್ಪತ್ರ ಗೀಸ್ಪತ್ರ ಅಂದ್ರ ಯಾರ್ ಕೊಟ್ಟಾರು?" ಅವಳ ಮಾತಲ್ಲಿ ಸುಳ್ಳೇನೂ ಇರಲಿಲ್ಲ. ಎಷ್ಟೋ ರಾತ್ರಿ ನಾನೂ ಇವರೂ ಲೆಕ್ಕ ಹಾಕಿದೆವು. ಕೊನೆಗೆ ನಾನಿಲ್ಲದ ಮನೆಯಲ್ಲಿ ನನ್ನ ಹೆಸರಿನ ಅಕ್ಕಿ ಅಳೆಸೋದು ಬೇಡ ಅಂತ ಹೆಸರು ತೆಗೆಸಿದೆ. ಅಲ್ಲಿ ತೆಗೆಯೋದು ಬೇಗ ಆಯ್ತು. ಇಲ್ಲಿ ಸೇರಿಸೋಕೆ ಒಂದು ಕಚೇರಿಗೆ ತಿಂಗಳುಗಟ್ಟಲೆ ಅಲೆದೆ. "ಸರ್ವರ್ ಇಲ್ಲ ಮೇಡಂ, ಮುಂದಿನ ವಾರ ಬನ್ನಿ." ಅಷ್ಟು ದಿನವೂ ನಾನು ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ. ಆಗ ಸಕ್ಕರೆ ಏರಿ ಪ್ರಜ್ಞೆ ತಪ್ಪಿದ್ದರೆ? ಆ ಯೋಚನೆಗೇ ಒಂದಷ್ಟು ಸಕ್ಕರೆ ಏರಿರಬೇಕು.

ಇಷ್ಟೆಲ್ಲಾ ಆದಮೇಲೂ ಆ ಕಾರ್ಡು ಇರೋದು ಆಸ್ಪತ್ರೆ ಸೇರಿದಾಗಿನ ಚಿಕಿತ್ಸೆಗೆ. ದಿನದ ಇನ್ಸುಲಿನ್ನಿಗೆ ಅದು ಬರಲ್ಲ. ನಮ್ಮಲ್ಲಿ ಸಿಗುವ 10 ಮಿಲಿ ಸೀಸೆಯಲ್ಲಿ ಮಿಲಿಗೆ 40 ಯೂನಿಟ್, ಒಟ್ಟು 400. ನನಗೆ ದಿನಕ್ಕೆ 40 ಬೇಕು. ಅಂದರೆ ತಿಂಗಳಿಗೆ ಮೂರು ಸೀಸೆ. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಲ್ಲಿ ಪುಕ್ಕಟೆ ಸಿಗತ್ತೆ, ಸ್ಟಾಕ್ ಇದ್ದಾಗ. ಇಲ್ಲದಾಗ ಅಂಗಡಿ. ಆಸ್ಪತ್ರೆಗೆ ಬೀಳದ ಹಾಗೆ ಕಾಯೋದು ಈ ಮೂರು ಸೀಸೆ. ಬಿದ್ದಮೇಲೆ ಲಕ್ಷ ಕೊಡೋಕೆ ತಯಾರಿರುವ ಯೋಜನೆ ಬೀಳದಂತೆ ಹಿಡಿಯೋಕೆ ನೂರು ರೂಪಾಯಿ ಕೊಡಲ್ಲ, ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ. 1921ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದವರು ಎಲ್ಲರಿಗೂ ಸಿಗಲಿ ಅಂತ ಅದರ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟುಬಿಟ್ಟಿದ್ದರಂತೆ!

2024ರಲ್ಲಿ ಕೇಂದ್ರ ಸರ್ಕಾರ 70 ದಾಟಿದವರಿಗೆ ಆಯುಷ್ಮಾನ್ ವಿಸ್ತರಿಸಿದಾಗ ಆದಾಯ ನೋಡುವುದಿಲ್ಲ ಅಂದಿತು. ಅಂದಮೇಲೆ ಕಾರ್ಡಿನ ಬಣ್ಣ ಬಿಟ್ಟು ಮನುಷ್ಯರನ್ನು ನೋಡೋದು ಸಾಧ್ಯ ಅಂತಾಯ್ತು. ವಯಸ್ಸಿಗೆ ಆದದ್ದು ಹುಟ್ಟಾ ಅಥವಾ ಹರೆಯದಲ್ಲಿ ಅಂಟಿ, ಸಾಯೋವರೆಗೆ ಬಿಡದ ಕಾಯಿಲೆಗೂ ಆಗಬಾರದೇ?

ನನ್ನಂಥವರು ಯಾರಾದರೂ ಊರು ಬದಲಿಸುತ್ತಿದ್ದರೆ ಎರಡು ಮಾತು. ಹೊಸ ಕಡೆ ಹೆಸರು ಸೇರಿಸೋ ಅರ್ಜಿ ತಗೊಳ್ತಿದ್ದಾರಾ ಅಂತ ವಿಚಾರಿಸಿಕೊಂಡೇ ಹಳೇ ಕಡೆ ತೆಗೆಸಿ. ಮತ್ತೆ, ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಬರೆಸಿಕೊಂಡು ಖಾಸಗಿಗೆ. ತುರ್ತಿದ್ದರೆ ಮಾತ್ರ ನೇರ ಹೋಗಬಹುದು. ಇದನ್ನು ಮನೆಯವರಿಗೂ ಹೇಳಿಟ್ಟಿರಿ. ಪ್ರಜ್ಞೆ ತಪ್ಪಿದಾಗ ನಿಯಮ ನೆನಪಿಸಿಕೊಳ್ಳೋರು ನಾವಲ್ಲವಲ್ಲ!